ಸಾರಾಂಶದ ಹೊಸ್ತಿಲು ದಾಟಿ

ಹುಮನಾಬಾದಿನ ಹುಡುಗಿಯೊಬ್ಬಳು ನರ್ಸಿಂಗ್ ಪದವಿಯ ಕೊನೆಯ ವರ್ಷದಲ್ಲಿದ್ದಾಳೆ ಎಂದಿಟ್ಟುಕೊಳ್ಳಿ. ಹದಿಹರೆಯದ ಹೆಣ್ಣುಮಕ್ಕಳ ರಕ್ತಹೀನತೆ ಅವಳ ಪ್ರಾಜೆಕ್ಟಿನ ವಿಷಯ. ಮೊಬೈಲಿನಲ್ಲಿ ಹುಡುಕುತ್ತಾಳೆ. ತನಗೆ ಬೇಕಾದಂಥದೇ ಒಂದು ಸಂಶೋಧನಾ ಲೇಖನದ ಹೆಸರು ಸಿಗುತ್ತದೆ. ಒತ್ತಿ ನೋಡಿದರೆ ಇಂಗ್ಲಿಷಿನಲ್ಲಿ ಇನ್ನೂರು, ಇನ್ನೂರೈವತ್ತು ಪದಗಳ ಸಾರಾಂಶ. ಅದರ ಕೆಳಗೆ ಒಂದು ಬೀಗದ ಚಿತ್ರ. ಬೀಗದ ಪಕ್ಕದಲ್ಲಿ ಬೆಲೆ: ಮೂವತ್ತೋ ನಲವತ್ತೋ ಡಾಲರ್. ರೂಪಾಯಿ ಲೆಕ್ಕದಲ್ಲಿ ಎರಡೂವರೆಯಿಂದ ಮೂರೂವರೆ ಸಾವಿರ. ಎಂಟು ಪುಟದ ಲೇಖನಕ್ಕೆ! ಮನೆಯಲ್ಲಿ ಕೇಳಿದರೆ ಅಪ್ಪ ಏನೆಂದಾರು? ಅವಳು ಕೇಳುವುದೇ ಇಲ್ಲ. ಸಾರಾಂಶದ ನಾಲ್ಕು ಸಾಲು ಬರೆದುಕೊಂಡು, ಪೂರ್ತಿ ಲೇಖನ ಓದಿದವಳಂತೆ ಉಲ್ಲೇಖಗಳ ಪಟ್ಟಿಗೆ ಅದನ್ನು ಸೇರಿಸಿಬಿಡುತ್ತಾಳೆ. ಇದಕ್ಕಿಂತ ಸುಲಭದ ದಾರಿಯೂ ಇದೆ. ಹಿಂದಿನ ವರ್ಷದವರ ಪ್ರಾಜೆಕ್ಟಿನಿಂದ ಇಡೀ ಪಟ್ಟಿಯನ್ನೇ ಇಳಿಸಿಕೊಳ್ಳುವುದು.

ಅತ್ತ ಬಸವಕಲ್ಯಾಣದ ಒಂದು ಒಕ್ಕಲು ಮನೆ. ಅಜ್ಜನಿಗೆ ತಿಂಗಳಿನಿಂದ ಬಿಟ್ಟು ಬಿಟ್ಟು ಜ್ವರ, ರಾತ್ರಿ ಬೆವರು, ಸೊಂಟ ನೋವು. ಟೈಫಾಯಿಡ್ ಎಂದು ಔಷಧ ಆಯಿತು, ಇಳಿಯಲಿಲ್ಲ. ಕೊನೆಗೆ ರಕ್ತಪರೀಕ್ಷೆ ಮಾಡಿಸಿದ ವೈದ್ಯರು ‘ಬ್ರೂಸೆಲೋಸಿಸ್’ ಎಂದರು. ಮನೆಯಲ್ಲಿ ಯಾರೂ ಕೇಳದ ಹೆಸರು. ಬಿ.ಎಸ್ಸಿ. ಓದುತ್ತಿರುವ ಮೊಮ್ಮಗ ಹುಡುಕಲು ಕೂತರೆ ಅವನ ಮುಂದೆಯೂ ಅದೇ ಬೀಗ.

ಇಬ್ಬರೂ ಕಲ್ಪಿತ ವ್ಯಕ್ತಿಗಳು. ಆದರೆ ಬೀಗ ಕಲ್ಪನೆಯದಲ್ಲ. ಬೀದರ್ ಜಿಲ್ಲೆಯ ಈ ಎರಡು ಊರುಗಳ ನಡುವೆ ಇರುವುದು ಸುಮಾರು ಮೂವತ್ತು ಕಿಲೋಮೀಟರ್. ಜಿಲ್ಲಾ ಕೇಂದ್ರದ ವೈದ್ಯಕೀಯ ಕಾಲೇಜಿಗೆ ಹುಮನಾಬಾದಿನಿಂದ ಸುಮಾರು ಐವತ್ತು, ಬಸವಕಲ್ಯಾಣದಿಂದ ಸುಮಾರು ಎಂಬತ್ತು ಕಿಲೋಮೀಟರ್. ಒಂದು ಕಾಲದಲ್ಲಿ ಈ ದೂರವೇ ತೊಡಕಾಗಿತ್ತು. ಈಗ ದೂರದ ಪ್ರಶ್ನೆ ಹಿಂದೆ ಸರಿದಿದೆ. ಎಲ್ಲಿ ಕೇಳಬೇಕು, ಯಾರನ್ನು ಕೇಳಬೇಕು, ಹೇಗೆ ಕೇಳಬೇಕು ಎಂಬುದು ಗೊತ್ತಿರಬೇಕು, ಅಷ್ಟೆ.

ಐದು ವಾಕ್ಯದ ಕಥೆ

ಸಾರಾಂಶ ಸಾಲದೇ? ಪೂರ್ತಿ ಲೇಖನ ಏಕೆ ಬೇಕು? ಪರೀಕ್ಷೆಗೆ ಗೈಡು ಓದಿ ಪಾಸಾದವರು ಕೇಳುವ ನ್ಯಾಯವಾದ ಪ್ರಶ್ನೆಯೇ ಇದು. ಉತ್ತರವಾಗಿ ಒಂದು ನಿಜ ಘಟನೆ ಕೇಳಿ.

1980ರ ಜನವರಿಯಲ್ಲಿ ಅಮೆರಿಕದ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಬಾಸ್ಟನ್ನಿನ ಜೇನ್ ಪೋರ್ಟರ್ ಮತ್ತು ಹರ್ಷಲ್ ಜಿಕ್ ಎಂಬಿಬ್ಬರ ಹೆಸರಿನಲ್ಲಿ ಒಂದು ಪತ್ರ ಪ್ರಕಟವಾಯಿತು. ಲೇಖನವಲ್ಲ, ಸಂಪಾದಕರಿಗೆ ಬರೆದ ಪತ್ರ. ಒಟ್ಟು ಐದೇ ವಾಕ್ಯ. ಆಸ್ಪತ್ರೆಯಲ್ಲಿ ದಾಖಲಾಗಿದ್ದವರ ಪೈಕಿ 11,882 ಮಂದಿಗೆ ಅಫೀಮಿನ ಜಾತಿಯ ನೋವುನಿವಾರಕ ಕೊಡಲಾಗಿತ್ತು, ಹಿಂದೆ ಚಟದ ಇತಿಹಾಸವಿಲ್ಲದವರಲ್ಲಿ ಹೊಸದಾಗಿ ಚಟ ಹತ್ತಿದ್ದು ನಾಲ್ವರಿಗೆ ಮಾತ್ರ ಎಂಬುದು ಅದರ ತಿರುಳು. ಆಸ್ಪತ್ರೆಯ ಹಾಸಿಗೆಯಲ್ಲಿ, ವೈದ್ಯರ ಕಣ್ಣಳತೆಯಲ್ಲಿ ಇದ್ದವರ ಲೆಕ್ಕ ಅದು. ಮನೆಗೆ ಹೋಗಿ ತಿಂಗಳುಗಟ್ಟಲೆ ಮಾತ್ರೆ ನುಂಗಿದವರ ವಿಷಯ ಅದರಲ್ಲಿ ಇರಲೇ ಇಲ್ಲ.

ಆದರೆ ಪತ್ರದ ತಲೆಬರಹ ‘ಚಟ ಹತ್ತುವುದು ಅಪರೂಪ’ ಎಂಬರ್ಥದ್ದು. ಅಷ್ಟು ಸಾಕಾಯಿತು. ಒಬ್ಬರು ಉಲ್ಲೇಖಿಸಿದ್ದನ್ನು ನೋಡಿ ಇನ್ನೊಬ್ಬರು, ಅವರನ್ನು ನೋಡಿ ಮತ್ತೊಬ್ಬರು ಉಲ್ಲೇಖಿಸಿದರು. 2017ರಲ್ಲಿ ಸಂಶೋಧಕರು ಅದೇ ಪತ್ರಿಕೆಯಲ್ಲಿ ಲೆಕ್ಕ ಒಪ್ಪಿಸಿದರು: ಆ ಪತ್ರವನ್ನು 608 ಕಡೆ ಉಲ್ಲೇಖಿಸಲಾಗಿತ್ತು. ಅವರಲ್ಲಿ ಶೇ. 72ರಷ್ಟು ಮಂದಿ ಅದನ್ನು ‘ಇಂಥ ಔಷಧಗಳಿಂದ ಚಟ ಹತ್ತುವುದು ಅಪರೂಪ’ ಎಂಬುದಕ್ಕೆ ಸಾಕ್ಷಿಯಾಗಿ ಬಳಸಿದ್ದರು. ಶೇ. 80ಕ್ಕೂ ಹೆಚ್ಚು ಮಂದಿ, ಇದು ಆಸ್ಪತ್ರೆಯಲ್ಲಿದ್ದವರ ಲೆಕ್ಕ ಎಂಬ ಮಾತನ್ನೇ ಎತ್ತಿರಲಿಲ್ಲ. ಈ ನಡುವೆ ಅಮೆರಿಕದಲ್ಲಿ ಅದೇ ಜಾತಿಯ ಮಾತ್ರೆಗಳ ಚಟಕ್ಕೆ ಬಿದ್ದು ಸತ್ತವರ ಸಂಖ್ಯೆ ಲಕ್ಷಗಳನ್ನು ದಾಟಿತು. ಆ ದುರಂತಕ್ಕೆ ಕಾರಣಗಳು ಹಲವು, ಔಷಧ ಕಂಪನಿಗಳ ಲಾಭಕೋರತನವೂ ಸೇರಿ. ಆದರೂ ಐದು ವಾಕ್ಯಗಳನ್ನು ಓದುವ ತಾಳ್ಮೆ ಆ ಆರುನೂರು ಮಂದಿಗೆ ಇದ್ದಿದ್ದರೆ? ಪತ್ರಿಕೆಯೇ ಈಗ ಆ ಪತ್ರದ ಮೇಲೆ ಎಚ್ಚರಿಕೆಯ ಟಿಪ್ಪಣಿ ಹಚ್ಚಿದೆ.

ಸೀನಿಯರ್ ಪ್ರಾಜೆಕ್ಟಿನಿಂದ ಉಲ್ಲೇಖ ಇಳಿಸಿಕೊಳ್ಳುವ ನಮ್ಮ ಮಕ್ಕಳು ಮಾಡುತ್ತಿರುವುದು ಸಣ್ಣ ಪ್ರಮಾಣದಲ್ಲಿ ಇದನ್ನೇ. ನಾಳೆ ಅವರೇ ವಾರ್ಡಿನಲ್ಲಿ ರೋಗಿಗೆ ಮಾತ್ರೆ ಕೊಡುವವರು.

ಇನ್ನೊಂದು ಘಟನೆಯ ನಾಯಕ ಒಬ್ಬ ವಿದ್ಯಾರ್ಥಿ. ಕೋವಿಡ್ ಕಾಲದಲ್ಲಿ ಐವರ್ಮೆಕ್ಟಿನ್ ಎಂಬ ಜಂತುಮಾತ್ರೆಯ ಹೆಸರು ಎಲ್ಲರ ಬಾಯಲ್ಲಿತ್ತು. ನಮ್ಮ ನೆರೆಯ ಗೋವಾ ಸರ್ಕಾರ 2021ರ ಮೇ ತಿಂಗಳಲ್ಲಿ ವಯಸ್ಕರಿಗೆಲ್ಲ ಆ ಮಾತ್ರೆ ಕೊಡುವುದಾಗಿ ಘೋಷಿಸಿದ್ದು ನೆನಪಿರಬಹುದು. ಆ ಔಷಧದ ಪರವಾಗಿ ದೊಡ್ಡ ಸಾಕ್ಷಿ ಎನಿಸಿಕೊಂಡಿದ್ದ ಅಧ್ಯಯನಗಳಲ್ಲಿ ಈಜಿಪ್ಟಿನದೊಂದು. 2020ರ ನವೆಂಬರಿನಲ್ಲಿ ಅದು ತಜ್ಞರ ಪರಿಶೀಲನೆಗೆ ಮುಂಚೆಯೇ ಅಂತರ್ಜಾಲದಲ್ಲಿ ಬಂದಿತ್ತು. ಲಂಡನ್ನಿನಲ್ಲಿ ಸ್ನಾತಕೋತ್ತರ ಪದವಿ ಓದುತ್ತಿದ್ದ ಜಾಕ್ ಲಾರೆನ್ಸ್‌ಗೆ ಅದು ತರಗತಿಯ ಅಸೈನ್‌ಮೆಂಟ್ ಆಗಿ ಸಿಕ್ಕಿತು. ಆತ ಸಾರಾಂಶಕ್ಕೆ ನಿಲ್ಲದೆ ಪೂರ್ತಿ ಓದಿದ. ಪೀಠಿಕೆಯ ಸಾಲುಗಳು ಎಲ್ಲಿಂದಲೋ ಎತ್ತಿ, ನಿಘಂಟು ನೋಡಿ ಪದ ಬದಲಿಸಿದಂತೆ ಕಂಡವು. ರೋಗದ ಹೆಸರನ್ನೇ ಸಮಾನಾರ್ಥಕ ಪದ ಹಾಕಿ ತಿರುಚಲಾಗಿತ್ತು! ಮೂಲ ಅಂಕಿಅಂಶಗಳ ಕಡತ ಹುಡುಕಿದ. ಅದಕ್ಕೆ ಗುಪ್ತಪದದ ಬೀಗ. ಊಹಿಸಿ ಊಹಿಸಿ 1234 ಎಂದು ಒತ್ತಿದಾಗ ತೆರೆಯಿತು. ಒಳಗೆ ನೋಡಿದರೆ, ಅಧ್ಯಯನ ಶುರುವಾಗುವ ಮೊದಲೇ ಸತ್ತಿದ್ದವರೂ ರೋಗಿಗಳ ಪಟ್ಟಿಯಲ್ಲಿದ್ದರು. 2021ರ ಜುಲೈಯಲ್ಲಿ ಆ ಬರಹವನ್ನು ಅಂತರ್ಜಾಲದಿಂದ ಹಿಂದಕ್ಕೆ ಪಡೆಯಲಾಯಿತು. ಪ್ರೊಫೆಸರರು ನೋಡದೇ ಬಿಟ್ಟದ್ದನ್ನು ಹೋಂವರ್ಕ್ ಮಾಡುತ್ತಿದ್ದ ಹುಡುಗ ನೋಡಿದ.

ಅಂಚೆ ಕಾರ್ಡಿನಿಂದ ಮೊಬೈಲಿಗೆ

ಹಿಂದೆ ಇದೆಲ್ಲ ಹೇಗೆ ನಡೆಯುತ್ತಿತ್ತು ಎಂಬುದು ಈಗಿನ ಮಕ್ಕಳಿಗೆ ಅಜ್ಜಿಕಥೆಯಂತೆ ಕೇಳಿಸೀತು. ‘ಇಂಡೆಕ್ಸ್ ಮೆಡಿಕಸ್’ ಎಂಬ ದಪ್ಪ ಸೂಚಿ ಸಂಪುಟಗಳಿದ್ದವು. 1879ರಲ್ಲಿ ಅಮೆರಿಕದಲ್ಲಿ ಶುರುವಾದ ಅದರ ಮುದ್ರಣ ನಿಂತದ್ದು 2004ರಲ್ಲಿ. ದೊಡ್ಡ ವೈದ್ಯಕೀಯ ಗ್ರಂಥಾಲಯಕ್ಕೆ ಹೋಗಿ, ಆ ಸಂಪುಟಗಳನ್ನು ಮಗುಚಿ, ಲೇಖನದ ಹೆಸರು ಬರೆದುಕೊಂಡು, ಆ ಜರ್ನಲ್ ಅಲ್ಲಿ ಇಲ್ಲದಿದ್ದರೆ ಲೇಖಕರಿಗೇ ಒಂದು ಕಾರ್ಡು ಹಾಕುವುದು. ತಿಂಗಳೋ ಎರಡು ತಿಂಗಳೋ ಕಳೆದ ಮೇಲೆ ವಿದೇಶಿ ಅಂಚೆಚೀಟಿ ಹೊತ್ತ ಲಕೋಟೆಯಲ್ಲಿ ಲೇಖನದ ಪ್ರತಿ ಬರುತ್ತಿತ್ತು. ಕಾರ್ಡು ಬೇಡವೆಂದರೆ ದೆಹಲಿಯ ನ್ಯಾಷನಲ್ ಮೆಡಿಕಲ್ ಲೈಬ್ರರಿಗೋ, 1952ರಲ್ಲಿ ಶುರುವಾದ ಇನ್ಸ್‌ಡಾಕ್ ಎಂಬ ಕೇಂದ್ರ ಸರ್ಕಾರದ ದಾಖಲಾತಿ ಕೇಂದ್ರಕ್ಕೋ ಬರೆದು ಝೆರಾಕ್ಸ್ ತರಿಸಬೇಕಿತ್ತು. ಬೀದರಿನಂಥ ಜಿಲ್ಲೆಯಲ್ಲಿ ಕೂತವರಿಗೆ ಇದು ಎಷ್ಟು ದೂರದ ಮಾತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಬೀದರಿನ ಸರ್ಕಾರಿ ವೈದ್ಯಕೀಯ ಕಾಲೇಜು ‘ಬ್ರಿಮ್ಸ್’ ಬಂದದ್ದೇ 2007ರಲ್ಲಿ.

1997ರ ಜೂನ್‌ನಲ್ಲಿ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ತನ್ನ ಸೂಚಿಯನ್ನು ‘ಪಬ್‌ಮೆಡ್’ ಹೆಸರಿನಲ್ಲಿ ಇಡೀ ಜಗತ್ತಿಗೆ ಬಿಟ್ಟಿಯಾಗಿ ತೆರೆದಿಟ್ಟಿತು. ಇಂದು ಅದರಲ್ಲಿ 3.7 ಕೋಟಿಗೂ ಹೆಚ್ಚು ಲೇಖನಗಳ ವಿವರ ಇದೆ. ಆದರೆ ಒಂದು ಮಾತು ನೆನಪಿರಲಿ: ಪಬ್‌ಮೆಡ್ ಒಂದು ಸೂಚಿ, ಲೇಖನಗಳ ಕಪಾಟು ಅಲ್ಲ. ಅಲ್ಲಿ ಸಿಗುವುದು ಹೆಸರು, ಲೇಖಕರು, ಸಾರಾಂಶ. ಕಪಾಟು ಬೇರೆ ಇದೆ. ಅದೇ ಗ್ರಂಥಾಲಯ 2000ದಲ್ಲಿ ಆರಂಭಿಸಿದ ‘ಪಬ್‌ಮೆಡ್ ಸೆಂಟ್ರಲ್’. ಅಲ್ಲಿರುವ ಒಂದು ಕೋಟಿಗೂ ಹೆಚ್ಚು ಲೇಖನಗಳನ್ನು ಯಾರು ಬೇಕಾದರೂ ಪೂರ್ತಿ ಓದಬಹುದು. ಈ ಎರಡು ಹೆಸರುಗಳ ಗೊಂದಲದಲ್ಲಿಯೇ ಎಷ್ಟೋ ವಿದ್ಯಾರ್ಥಿಗಳು ‘ಪಬ್‌ಮೆಡ್‌ನಲ್ಲಿ ಲೇಖನ ಸಿಗುವುದಿಲ್ಲ’ ಎಂದು ಕೈಬಿಡುತ್ತಾರೆ.

ಈಗ ಬಸವಕಲ್ಯಾಣದ ಮೊಮ್ಮಗನ ಕಡೆ ಬರೋಣ. ಅವನು ಪಬ್‌ಮೆಡ್‌ನಲ್ಲಿ ರೋಗದ ಹೆಸರಿನ ಜೊತೆಗೆ ‘ಇಂಡಿಯಾ’ ಅಥವಾ ‘ಕರ್ನಾಟಕ’ ಎಂದು ಇಂಗ್ಲಿಷಿನಲ್ಲಿ ಸೇರಿಸಿ ಹುಡುಕಬೇಕು. ಬರೀ ರೋಗದ ಹೆಸರು ಹಾಕಿದರೆ ಸಾವಿರಗಟ್ಟಲೆ ಲೇಖನಗಳು ಮೈಮೇಲೆ ಬೀಳುತ್ತವೆ. ಪಟ್ಟಿ ಬಂದ ಮೇಲೆ ಬದಿಯಲ್ಲಿ ‘ಫ್ರೀ ಫುಲ್ ಟೆಕ್ಸ್ಟ್’ ಎಂಬ ಚೌಕ ಇರುತ್ತದೆ. ಅದನ್ನು ಒತ್ತಿದರೆ ಬೀಗವಿಲ್ಲದವು ಮಾತ್ರ ಉಳಿಯುತ್ತವೆ. ಹೊಸಬರು ‘ರಿವ್ಯೂ’ ಎಂಬ ಚೌಕವನ್ನೂ ಒತ್ತಿದರೆ ಒಳ್ಳೆಯದು. ಒಂದು ವಿಷಯದ ಮೇಲೆ ಬಂದ ಹತ್ತಾರು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗಿದ ಲೇಖನಗಳು ಅವು.

ಹೀಗೆ ಹುಡುಕುವವರಿಗೆ ಸಿಗುವಂಥದೊಂದು, ಭಾರತದಲ್ಲಿನ ಬ್ರೂಸೆಲೋಸಿಸ್ ಕುರಿತು 2008ರಲ್ಲಿ ‘ಜರ್ನಲ್ ಆಫ್ ಬಯೋಸೈನ್ಸಸ್’ನಲ್ಲಿ ಬಂದ ಸಮೀಕ್ಷೆ. ಬರೆದವರು ಕರ್ನಾಟಕದಲ್ಲಿಯೇ ಕೆಲಸ ಮಾಡಿದ ಇಬ್ಬರು ತಜ್ಞರು. ಪ್ರಕಟಿಸಿದ್ದು ಸರ್ ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿ. ಅಕಾಡೆಮಿ ತನ್ನ ಪತ್ರಿಕೆಗಳ ಲೇಖನಗಳನ್ನು ಓದುಗರಿಗೆ ಬಿಟ್ಟಿಯಾಗಿ ಕೊಡುತ್ತದೆ. ಅಂದರೆ ಅಮೆರಿಕದ ಬೀಗದ ಮುಂದೆ ನಿಂತು ಬೇಸರಪಟ್ಟವನಿಗೆ ಬೇಕಾದದ್ದು ನಮ್ಮ ಬೆಂಗಳೂರಿನಲ್ಲೇ ತೆರೆದುಕೊಂಡಿತ್ತು. 1913ರಿಂದ ಬರುತ್ತಿರುವ ‘ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್’ ಕೂಡ ಬಿಟ್ಟಿ ಓದಿಗೆ ಲಭ್ಯ. ನಮ್ಮ ನೆಲದ ಕಾಯಿಲೆಗಳಿಗೆ ಮೊದಲು ನಮ್ಮ ಪತ್ರಿಕೆಗಳನ್ನೇ ನೋಡುವುದು ಜಾಣತನ.

ಪೂರ್ತಿ ಓದಿದ್ದರಿಂದ ಆ ಮನೆಗೆ ಆಗುವ ಲಾಭವೇನು? ಈ ರೋಗ ಬರುವುದು ದನ, ಆಡು, ಕುರಿಗಳಿಂದ. ಹಸಿ ಹಾಲು ಕುಡಿಯುವುದು ಒಂದು ದಾರಿ. ಕಂದು ಹಾಕಿದ ಪ್ರಾಣಿಯ ಮಾಸು, ನೆತ್ತರನ್ನು ಬರಿಗೈಯಲ್ಲಿ ಮುಟ್ಟುವುದು ಇನ್ನೊಂದು. ದೇವಣಿ ದನಗಳ ಸೀಮೆ ನಮ್ಮದು. ಹಟ್ಟಿಯಲ್ಲಿ ಆಡು ಕಟ್ಟದ ಒಕ್ಕಲು ಮನೆ ಅಪರೂಪ. ಅಜ್ಜನಿಗೆ ಬಂದಿದೆ ಎಂದರೆ ಅದೇ ಹಾಲು ಕುಡಿದ, ಅದೇ ಹಟ್ಟಿಯಲ್ಲಿ ಕೆಲಸ ಮಾಡಿದ ಅವ್ವನಿಗೂ ಪರೀಕ್ಷೆ ಬೇಕೇ, ಆಡುಗಳನ್ನು ಯಾರು ನೋಡಬೇಕು ಎಂಬ ಪ್ರಶ್ನೆ ಏಳುತ್ತದೆ. ಎರಡನೆಯ ಪ್ರಶ್ನೆಗೆ ಪಶುವೈದ್ಯರೇ ಉತ್ತರಿಸಬೇಕು. ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯ 2004ರಿಂದ ಬೀದರಿನಲ್ಲೇ ಇದೆಯಲ್ಲ! ಇನ್ನು ಚಿಕಿತ್ಸೆ: ಒಂದಕ್ಕಿಂತ ಹೆಚ್ಚು ಔಷಧಗಳನ್ನು ವಾರಗಟ್ಟಲೆ ತೆಗೆದುಕೊಳ್ಳಬೇಕು, ಜ್ವರ ಇಳಿಯಿತೆಂದು ನಡುವೆ ಬಿಟ್ಟರೆ ಮರುಕಳಿಸುವ ಭಯ. ‘ಸಾಕು ಬಿಡಪ್ಪಾ, ಆರಾಮ ಆಗೇನಿ’ ಎನ್ನುವ ಅಜ್ಜನನ್ನು ಒಪ್ಪಿಸಲು ಮೊಮ್ಮಗನಿಗೆ ಈಗ ಕಾರಣ ಗೊತ್ತಿರುತ್ತದೆ.

ಪೋಷಕರಿಗೆ ಇಲ್ಲೊಂದು ಮಾತು. ಲೇಖನ ಸಿಕ್ಕಿತೆಂದು ಅದರಲ್ಲಿನ ಔಷಧದ ಹೆಸರು ಹಿಡಿದು ಮೆಡಿಕಲ್ ಅಂಗಡಿಗೆ ಹೋಗಬೇಡಿ. ಸಂಶೋಧನಾ ಲೇಖನ ಎಂದರೆ ಒಂದು ಗುಂಪಿನ ರೋಗಿಗಳ ಮೇಲೆ ನಡೆದ ಅಧ್ಯಯನದ ವರದಿ; ನಿಮ್ಮ ಮನೆಯವರಿಗೆ ಬರೆದ ಚೀಟಿ ಅಲ್ಲ. ಪ್ರಿಂಟ್ ತೆಗೆಸಿ, ಗೊತ್ತಾಗದ ಕಡೆ ಗೆರೆ ಎಳೆದು, ವೈದ್ಯರ ಬಳಿ ಒಯ್ಯಿರಿ. ‘ಇದನ್ನೇ ಕೊಡಿ’ ಎನ್ನುವುದಕ್ಕಿಂತ ‘ಇದರಲ್ಲಿ ಇರುವ ರೋಗಿಗಳಿಗೂ ನಮ್ಮವರಿಗೂ ಏನು ವ್ಯತ್ಯಾಸ ಡಾಕ್ಟರೇ?’ ಎಂದು ಕೇಳಿ ನೋಡಿ. ಹೊರಗೆ ಐವತ್ತು ಮಂದಿ ಕಾದಿರುವಾಗ ಎಲ್ಲ ವೈದ್ಯರಿಗೂ ವ್ಯವಧಾನ ಇರುವುದಿಲ್ಲ, ನಿಜ. ಆದರೆ ಒಂದೇ ಪ್ರಶ್ನೆಯನ್ನು ಸ್ಪಷ್ಟವಾಗಿ ಕೇಳಿದವರಿಗೆ ಉತ್ತರ ಹೇಳದ ವೈದ್ಯರು ಕಡಿಮೆ.

ಲೇಖಕರಿಗೆ ನಾಲ್ಕು ಸಾಲು

ಬಿಟ್ಟಿ ಪ್ರತಿ ಕಾಣದಿದ್ದಾಗ ಏನು ಮಾಡಬೇಕು? ಮೊದಲು ಲೇಖನದ ಪೂರ್ಣ ಶೀರ್ಷಿಕೆಯನ್ನು ಗೂಗಲ್ ಸ್ಕಾಲರ್‌ನಲ್ಲಿ ಹಾಕಿ ನೋಡಿ. ಪ್ರಕಾಶಕರ ಮನೆಯಲ್ಲಿ ಬೀಗವಿದ್ದರೂ ಲೇಖಕರು ತಮ್ಮ ವಿಶ್ವವಿದ್ಯಾಲಯದ ಭಂಡಾರದಲ್ಲಿ ಒಂದು ಪ್ರತಿ ಇಟ್ಟಿರುವುದುಂಟು. ಫಲಿತಾಂಶದ ಪಕ್ಕದಲ್ಲಿ ‘ಪಿಡಿಎಫ್’ ಎಂದಿದ್ದರೆ ಅದೃಷ್ಟ. ಇಲ್ಲದಿದ್ದರೆ ಕೆಳಗಿನ ‘ಆಲ್ ವರ್ಷನ್ಸ್’ ಒತ್ತಿ. ಈಗಿನ ಬಹುಪಾಲು ಲೇಖನಗಳಿಗೆ 10 ಎಂದು ಆರಂಭವಾಗುವ ಒಂದು ಡಿ.ಒ.ಐ. ಸಂಖ್ಯೆ ಇರುತ್ತದೆ, ಮನುಷ್ಯರಿಗೆ ಆಧಾರ್ ಇದ್ದಂತೆ. ಅದನ್ನು ಬರೆದಿಟ್ಟುಕೊಳ್ಳಿ. ಹೆಸರು ಮರೆತರೂ ಸಂಖ್ಯೆ ಲೇಖನವನ್ನು ಹುಡುಕಿ ಕೊಡುತ್ತದೆ. ಕಂಪ್ಯೂಟರಿನಲ್ಲಿ ಓದುವವರು ‘ಅನ್‌ಪೇವಾಲ್’ ಎಂಬ ಸಣ್ಣ ಸಾಧನವನ್ನು ಬ್ರೌಸರಿಗೆ ಸೇರಿಸಿಕೊಂಡರೆ, ಕಾನೂನಿಗೆ ಒಳಪಟ್ಟ ಬಿಟ್ಟಿ ಪ್ರತಿ ಎಲ್ಲಾದರೂ ಇದ್ದರೆ ಅದೇ ತೋರಿಸುತ್ತದೆ.

ಇಷ್ಟಾದರೂ ಸಿಗದಿದ್ದರೆ ಲೇಖಕರನ್ನೇ ಕೇಳುವುದು. ಇದು ನಮ್ಮ ಮಕ್ಕಳು ಅತ್ಯಂತ ಕಡಿಮೆ ಬಳಸುವ, ನನ್ನ ದೃಷ್ಟಿಯಲ್ಲಿ ಅತ್ಯಂತ ಒಳ್ಳೆಯ ದಾರಿ. ಕಾರಣ ಸಂಕೋಚ. ಲಂಡನ್ನಿನ ಪ್ರೊಫೆಸರು ಎಲ್ಲಿ, ಹುಮನಾಬಾದಿನ ನಾನೆಲ್ಲಿ ಎಂಬ ಅಳುಕು. ಒಂದು ಗುಟ್ಟು ಹೇಳುತ್ತೇನೆ: ನೀವು ಕೊಡುವ ಆ ಮೂವತ್ತು ನಲವತ್ತು ಡಾಲರಿನಲ್ಲಿ ಲೇಖಕರಿಗೆ ಬಿಡಿಕಾಸೂ ಹೋಗುವುದಿಲ್ಲ. ಅವರಿಗೆ ಬೇಕಾದದ್ದು ಓದುಗರು. ಅಭ್ಯಾಸಕ್ಕೆಂದು ಕೇಳಿದವರಿಗೆ ಒಂದು ಪ್ರತಿ ಕಳಿಸುವುದು ಅಂಚೆ ಕಾರ್ಡಿನ ಕಾಲದಿಂದಲೂ ನಡೆದುಬಂದ ಪದ್ಧತಿ.

ಲೇಖನದ ಮೊದಲ ಪುಟದಲ್ಲಿ ಅಥವಾ ಪಬ್‌ಮೆಡ್‌ನಲ್ಲಿ ಲೇಖಕರ ವಿಳಾಸದ ಜೊತೆಗೆ ಇ-ಮೇಲ್ ಇರುವುದುಂಟು. ನಾಲ್ಕೇ ಸಾಲು ಇಂಗ್ಲಿಷಿನಲ್ಲಿ ಬರೆಯಿರಿ. ನೀವು ಯಾರು, ಯಾವ ಊರಿನ ಯಾವ ಕಾಲೇಜಿನಲ್ಲಿ ಏನು ಓದುತ್ತಿದ್ದೀರಿ. ಅವರ ಯಾವ ಲೇಖನ, ಯಾವ ವರ್ಷದ್ದು. ಅದು ನಿಮ್ಮ ಯಾವ ಕೆಲಸಕ್ಕೆ ಬೇಕು. ಕಾಲೇಜಿನ ಗ್ರಂಥಾಲಯದಲ್ಲಿ ಸಿಗಲಿಲ್ಲ, ಒಂದು ಪ್ರತಿ ಕಳಿಸಿದರೆ ಉಪಕಾರ ಎಂಬ ವಿನಂತಿ. ಮುಗಿಯಿತು. ಮಹಾನುಭಾವರೇ, ಪೂಜ್ಯರೇ ಎಂದು ಹೊಗಳುವುದು ಬೇಡ, ಹತ್ತು ಲೇಖನ ಒಮ್ಮೆಗೇ ಕೇಳುವುದೂ ಬೇಡ. ಹತ್ತು ದಿನ ಕಾದು ಉತ್ತರ ಬರದಿದ್ದರೆ ಎರಡನೆಯ ಲೇಖಕರಿಗೆ ಬರೆಯಿರಿ. ದೊಡ್ಡವರಿಗಿಂತ ಕಿರಿಯ ಸಂಶೋಧಕರು ಬೇಗ ಉತ್ತರಿಸುತ್ತಾರೆ. ಪ್ರತಿ ಬಂದಾಗ ಕೃತಜ್ಞತೆ ಹೇಳಲು ಮರೆಯಬೇಡಿ. ಆ ಪರಿಚಯ ಮುಂದೆ ಒಂದು ಸೀಟಿಗೋ ಶಿಫಾರಸು ಪತ್ರಕ್ಕೋ ದಾರಿಯಾದೀತು, ಯಾರು ಬಲ್ಲರು?

ಕಾಲೇಜು ಯಾವುದು, ಬಾಗಿಲು ಯಾವುದು

ಇನ್ನು ಗ್ರಂಥಾಲಯದ ದಾರಿ. ಬ್ರಿಮ್ಸ್ ಸೇರಿದಂತೆ ರಾಜ್ಯದ ವೈದ್ಯಕೀಯ, ದಂತವೈದ್ಯಕೀಯ, ನರ್ಸಿಂಗ್, ಫಾರ್ಮಸಿ ಕಾಲೇಜುಗಳಲ್ಲಿ ಬಹುಪಾಲು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿವೆ. ಆ ವಿಶ್ವವಿದ್ಯಾಲಯ 2003ರಲ್ಲಿ ‘ಹೆಲಿನೆಟ್’ ಎಂಬ ಕೂಟ ರಚಿಸಿತು. ಪ್ರತಿ ಕಾಲೇಜೂ ಬೇರೆ ಬೇರೆ ಚಂದಾ ಕಟ್ಟುವ ಬದಲು, ವಿಶ್ವವಿದ್ಯಾಲಯವೇ ಒಟ್ಟಿಗೆ ಚಂದಾ ಕಟ್ಟಿ ಜರ್ನಲುಗಳನ್ನು ಕಾಲೇಜುಗಳಿಗೆ ಹಂಚುವ ವ್ಯವಸ್ಥೆ ಇದು. ಹುಮನಾಬಾದಿನ ನಮ್ಮ ನರ್ಸಿಂಗ್ ವಿದ್ಯಾರ್ಥಿನಿ ಮೊದಲು ಕೇಳಬೇಕಾದ್ದು ತನ್ನ ಕಾಲೇಜಿನ ಗ್ರಂಥಪಾಲಕರನ್ನು: ‘ಸರ್, ಹೆಲಿನೆಟ್‌ನಲ್ಲಿ ನಮಗೆ ಯಾವ ಜರ್ನಲ್ ಸಿಗುತ್ತವೆ?’ ಎಷ್ಟೋ ಕಾಲೇಜುಗಳಲ್ಲಿ ಈ ಪ್ರಶ್ನೆಯನ್ನು ವರ್ಷಕ್ಕೊಬ್ಬರೂ ಕೇಳುವುದಿಲ್ಲ. ಗ್ರಂಥಾಲಯ ಎಂದರೆ ಪರೀಕ್ಷೆಗೆ ಮುಂಚೆ ಹಳೆಯ ಪ್ರಶ್ನೆಪತ್ರಿಕೆ ಝೆರಾಕ್ಸ್ ಮಾಡಿಸುವ ಜಾಗ ಎಂದೇ ಅನೇಕರ ತಿಳಿವಳಿಕೆ.

ಎರಡನೆಯದು ಕೇಂದ್ರ ಸರ್ಕಾರದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆ. 2024ರ ನವೆಂಬರ್ 25ರಂದು ಕೇಂದ್ರ ಸಂಪುಟ ಒಪ್ಪಿ, 2025ರ ಜನವರಿಯಿಂದ ಜಾರಿಗೆ ಬಂತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶನ ಸಂಸ್ಥೆಗಳ ಸುಮಾರು 13,000 ಜರ್ನಲುಗಳು. 6,300ಕ್ಕೂ ಹೆಚ್ಚು ವಿದ್ಯಾಸಂಸ್ಥೆಗಳ ಸುಮಾರು 1.8 ಕೋಟಿ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರು. ಉಸ್ತುವಾರಿ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದ್ದು. ದೆಹಲಿಯ ದೊಡ್ಡ ಸಂಸ್ಥೆಗೆ ಸಿಗುವ ಜರ್ನಲ್ ತಾಲ್ಲೂಕಿನ ಸರ್ಕಾರಿ ಕಾಲೇಜಿಗೂ ಸಿಗಬೇಕು ಎಂಬುದು ಉದ್ದೇಶ. ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ನಡೆಸುವ ಉನ್ನತ ಶಿಕ್ಷಣ ಸಂಸ್ಥೆಗಳಿಗೆ, ಕೇಂದ್ರದ ಸಂಶೋಧನಾ ಸಂಸ್ಥೆಗಳಿಗೆ ಇದು ಅನ್ವಯ.

ಮೆಚ್ಚಬೇಕಾದ ಕೆಲಸವೇ. ಆದರೆ ಆ ‘ಸರ್ಕಾರ ನಡೆಸುವ’ ಎಂಬ ಎರಡು ಪದಗಳಲ್ಲಿ ಒಂದು ಗೋಡೆಯಿದೆ. ಸರ್ಕಾರಿ ಕಾಲೇಜಿನಲ್ಲಿ ಬಿ.ಎಸ್ಸಿ. ಓದುವ ಅಣ್ಣನಿಗೆ ಬಾಗಿಲು ತೆರೆದರೆ, ಖಾಸಗಿ ಕಾಲೇಜಿನಲ್ಲಿ ನರ್ಸಿಂಗ್ ಓದುವ ತಂಗಿಗೆ ಮುಚ್ಚಿರುತ್ತದೆ. ಒಂದೇ ಮನೆ, ಒಂದೇ ಊಟ, ಒಂದೇ ಮೊಬೈಲು! ರೋಗಿಯ ಹತ್ತಿರ ಇರುವವಳು ತಂಗಿಯೇ ಆದರೂ. ನಮ್ಮ ಭಾಗದಲ್ಲಿ ನರ್ಸಿಂಗ್, ಫಾರ್ಮಸಿ ಓದುವವರಲ್ಲಿ ಖಾಸಗಿ ಕಾಲೇಜಿನವರೇ ಹೆಚ್ಚು ಎಂಬುದನ್ನು ನೋಡಿದರೆ, ಯೋಜನೆಯ ಮುಂದಿನ ಹಂತದಲ್ಲಿ ಈ ಗೋಡೆ ಕೆಡವಬೇಕೆಂದು ಕೇಳುವ ಹಕ್ಕು ನಮ್ಮ ಪೋಷಕರಿಗಿದೆ. ಶುಲ್ಕ ಕಟ್ಟುವಾಗ ಹಾಸ್ಟೆಲ್ ಹೇಗಿದೆ, ಊಟ ಹೇಗಿದೆ ಎಂದು ವಿಚಾರಿಸುವವರು ‘ನಿಮ್ಮ ಗ್ರಂಥಾಲಯದಲ್ಲಿ ಯಾವ ಜರ್ನಲ್ ಬರುತ್ತವೆ?’ ಎಂದೂ ಒಂದು ಮಾತು ಕೇಳಲಿ. ಸರ್ಕಾರಿ ಕಾಲೇಜಿನವರು ತಮ್ಮ ಕಾಲೇಜು ಈ ಯೋಜನೆಗೆ ನೋಂದಣಿ ಮಾಡಿಸಿದೆಯೇ ಎಂದು ಪ್ರಾಂಶುಪಾಲರನ್ನು ಕೇಳಲಿ.

ಅಡ್ಡದಾರಿಯ ಮಾತೂ ಬಂದೇ ಬರುತ್ತದೆ. ಕಜಕಸ್ತಾನದ ಅಲೆಕ್ಸಾಂಡ್ರಾ ಎಲ್ಬಾಕ್ಯಾನ್ 2011ರಲ್ಲಿ ಶುರುಮಾಡಿದ ‘ಸೈ-ಹಬ್’ ಎಂಬ ತಾಣ ಬೀಗ ಒಡೆದು ಲೇಖನ ಹಂಚುತ್ತಿತ್ತು. ಭಾರತದಲ್ಲಿ ಅದನ್ನು ಬಳಸದ ಸಂಶೋಧಕರು ವಿರಳ ಎಂದರೆ ಉತ್ಪ್ರೇಕ್ಷೆಯಲ್ಲ. 2020ರ ಡಿಸೆಂಬರಿನಲ್ಲಿ ದೊಡ್ಡ ಪ್ರಕಾಶಕರು ದೆಹಲಿ ಹೈಕೋರ್ಟಿಗೆ ಹೋದರು. 2025ರ ಆಗಸ್ಟಿನಲ್ಲಿ ಆ ತಾಣವನ್ನು ದೇಶದಲ್ಲಿ ತಡೆಯಬೇಕೆಂದು ಕೋರ್ಟು ಆದೇಶಿಸಿತು. ಜ್ಞಾನಕ್ಕೆ ಬೀಗ ಹಾಕುವುದು ಸರಿಯೇ ಎಂಬ ಆಕೆಯ ಪ್ರಶ್ನೆಯಲ್ಲಿ ಹುರುಳಿದೆ ಎಂದು ನನಗನ್ನಿಸುತ್ತದೆ. ಹಾಗೆಂದು ಹದಿನೆಂಟರ ಮಕ್ಕಳಿಗೆ ಆ ದಾರಿ ತೋರಿಸಲಾರೆ. ನೆಟ್ಟಗಿನ ದಾರಿಗಳನ್ನು ಮೊದಲು ತುಳಿದು ನೋಡಲಿ.

ಬಿಟ್ಟಿ ಸಿಕ್ಕಿದ್ದೆಲ್ಲ ಚಿನ್ನವೂ ಅಲ್ಲ. ಬರೆದವರಿಂದ ಹಣ ಪಡೆದು, ಪರಿಶೀಲಿಸದೆ ಅಚ್ಚು ಹಾಕುವ ಪತ್ರಿಕೆಗಳು ನಮ್ಮ ದೇಶದಲ್ಲಿ ಸಾಕಷ್ಟಿವೆ. ಆದ್ದರಿಂದ ಲೇಖನ ಕೈಗೆ ಬಂದಾಗ ತೀರ್ಮಾನದ ಭಾಗಕ್ಕೆ ಹಾರಬೇಡಿ. ಎಷ್ಟು ಮಂದಿಯ ಮೇಲೆ ನಡೆದ ಅಧ್ಯಯನ, ಅವರು ಯಾರು, ಯಾರೊಂದಿಗೆ ಹೋಲಿಸಿದರು, ನಡುವೆ ಎಷ್ಟು ಮಂದಿ ಬಿಟ್ಟುಹೋದರು ಎಂಬುದು ‘ಮೆಥಡ್ಸ್’ ಭಾಗದಲ್ಲಿಯೂ ಕೋಷ್ಟಕಗಳಲ್ಲಿಯೂ ಇರುತ್ತದೆ. ಖರ್ಚು ಯಾರು ಕೊಟ್ಟರು ಎಂಬುದು ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ. ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ಲೇಖನ ಮೂರು ದಿನ ಹಿಡಿದೀತು. ಹತ್ತನೆಯದು ಒಂದು ಸಂಜೆಗೆ ಮುಗಿಯುತ್ತದೆ, ಏಕೆಂದರೆ ಈ ಲೇಖನಗಳ ಇಂಗ್ಲಿಷ್ ಕಾದಂಬರಿಯ ಇಂಗ್ಲಿಷ್ ಅಲ್ಲ. ಅದೇ ಇನ್ನೂರು ಮುನ್ನೂರು ಪದಗಳು ಮತ್ತೆ ಮತ್ತೆ ಬರುತ್ತವೆ.

ಅಭ್ಯಾಸಕ್ಕೆ ಎಲ್ಲಿಂದ ಶುರುಮಾಡಬೇಕು ಎಂದರೆ, ಹಳೆಯ ಲೇಖನಗಳಿಂದ ಎನ್ನುತ್ತೇನೆ. ಅವು ಚಿಕ್ಕವು, ಭಾಷೆ ಸರಳ. ಹುಮನಾಬಾದಿನ ಮೇಲೆ ಹಾದುಹೋಗುವ ಹೆದ್ದಾರಿಯಲ್ಲಿ ಪೂರ್ವಕ್ಕೆ ಹೋದರೆ ಹೈದರಾಬಾದು. ಬಸವಕಲ್ಯಾಣ, ಹುಮನಾಬಾದು ಎರಡೂ ಒಂದು ಕಾಲಕ್ಕೆ ಅಲ್ಲಿನ ನಿಜಾಮರ ಆಡಳಿತದಲ್ಲಿದ್ದವು. ಅವಳಿ ನಗರ ಸಿಕಂದರಾಬಾದಿನಲ್ಲಿ 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ರೋಗಾಣು ಕಂಡದ್ದು. ಅದೇ ಡಿಸೆಂಬರ್ 18ರ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಅದರ ವರದಿ ಬಂತು. ಆಧಾರ ಎರಡೇ ಎರಡು ಸೊಳ್ಳೆ, ಬರಹ ಮೂರು ಪುಟದ ಮಿತಿಯೊಳಗೆ. ನೊಬೆಲ್‌ಗೆ ದಾರಿಮಾಡಿದ ಕೆಲಸ. ಆ ಪುಟಗಳನ್ನು ಪಬ್‌ಮೆಡ್ ಸೆಂಟ್ರಲ್‌ನಲ್ಲಿ ಇಂದು ಬಸವಕಲ್ಯಾಣದ ಕೋಟೆಯ ಕಟ್ಟೆಯ ಮೇಲೆ ಕೂತು ಮೊಬೈಲಿನಲ್ಲಿ ಓದಬಹುದು.

ಅದಕ್ಕೂ ಮುಂಚೆ, 1888 ಮತ್ತು 1889ರಲ್ಲಿ, ನಿಜಾಮರ ಸರ್ಕಾರ ತನ್ನ ಹಣದಿಂದ ‘ಹೈದರಾಬಾದ್ ಕ್ಲೋರೋಫಾರ್ಮ್ ಆಯೋಗ’ ನಡೆಸಿತ್ತು. ಶಸ್ತ್ರಚಿಕಿತ್ಸೆಯಲ್ಲಿ ಕ್ಲೋರೋಫಾರ್ಮ್ ಕೊಟ್ಟಾಗ ರೋಗಿ ಸಾಯುವುದು ಉಸಿರು ನಿಂತೋ, ಹೃದಯ ನಿಂತೋ ಎಂಬುದು ಪ್ರಶ್ನೆ. ‘ಲ್ಯಾನ್ಸೆಟ್’ ಪತ್ರಿಕೆ ಲಂಡನ್ನಿನಿಂದ ಲಾಡರ್ ಬ್ರಂಟನ್ ಎಂಬ ತಜ್ಞರನ್ನು ಕಳಿಸಲು ನಿಜಾಮರೇ ಸಾವಿರ ಪೌಂಡ್ ಕೊಟ್ಟರು. ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿದ ಆಯೋಗ, ಮೊದಲು ನಿಲ್ಲುವುದು ಉಸಿರೇ ಎಂದಿತು. 1890ರಲ್ಲಿ ಲ್ಯಾನ್ಸೆಟ್ ಅದನ್ನು ಪ್ರಕಟಿಸಿತು. 1911ರಲ್ಲಿ ಗುಡ್‌ಮನ್ ಲೆವಿ ಎಂಬವರು ಬೆಕ್ಕುಗಳ ಮೇಲೆ ಪ್ರಯೋಗ ಮಾಡಿ, ಲಘುವಾಗಿ ಕ್ಲೋರೋಫಾರ್ಮ್ ಕೊಟ್ಟಾಗ ಹೃದಯವೇ ತಾಳತಪ್ಪಿ ನಿಲ್ಲಬಹುದೆಂದು ತೋರಿಸಿದರು. ಆಯೋಗದ ಮಾತನ್ನು ನಂಬಿ ನಾಡಿ ನೋಡುವುದನ್ನೇ ಬಿಟ್ಟ ವೈದ್ಯರು ಎಷ್ಟಿದ್ದರೋ! ನಮ್ಮ ಹಿರಿಯರ ಕಂದಾಯದ ಪಾಲೂ ಸೇರಿರಬಹುದಾದ ಆ ಪ್ರಯೋಗಗಳ ಬಗ್ಗೆ ಅಂದು ಕಲ್ಕತ್ತೆಯ ‘ಇಂಡಿಯನ್ ಮೆಡಿಕಲ್ ಗೆಜೆಟ್’ನಲ್ಲಿ ಬಂದ ಬರಹಗಳು ಅದೇ ಕಪಾಟಿನಲ್ಲಿ ಬಿಟ್ಟಿಯಾಗಿ ಸಿಗುತ್ತವೆ. 1866ರಿಂದ 1955ರವರೆಗಿನ ಆ ಪತ್ರಿಕೆಯ ಸಂಚಿಕೆಗಳನ್ನು ಅಲ್ಲಿ ಜೋಡಿಸಿಟ್ಟಿದ್ದಾರೆ. ಹುಡುಕುವಾಗ ಊರ ಹೆಸರನ್ನು ಇಂಗ್ಲಿಷಿನಲ್ಲಿ ಆ ಕಾಲದವರು ಬರೆಯುತ್ತಿದ್ದ ಕಾಗುಣಿತದಲ್ಲಿ ಹಾಕಿ ನೋಡಿ. ಬಸವಕಲ್ಯಾಣಕ್ಕೆ ಬರೀ ‘ಕಲ್ಯಾಣಿ’.